ಗೆರೆಯ ಒಳಗೆ ಹಂಪಿ, ಹೊರಗೆ ವಿಜಯನಗರ

2019ರ ಫೆಬ್ರುವರಿಯಲ್ಲಿ ಹಂಪಿಯ ಗಜಶಾಲೆಯ ಹಿಂದಿರುವ ವಿಷ್ಣು ಗುಡಿಯ ಅಂಗಳದಲ್ಲಿ ನಾಲ್ವರು ಯುವಕರು ಉರುಳಿ ಬಿದ್ದಿದ್ದ ಕಲ್ಲುಕಂಬಗಳನ್ನು ಎತ್ತಿ ನಿಲ್ಲಿಸಿದರು. ಭಕ್ತಿಯಿಂದ ಮಾಡಿದ ಸೇವೆಯೇನಲ್ಲ. ಕಂಬ ತಳ್ಳಿ ಕೆಡವಿದ ಪ್ರಕರಣದಲ್ಲಿ ಸಿಕ್ಕಿಬಿದ್ದವರು ಅವರೇ. ಕೆಡವುವಾಗ ಹಿಡಿದ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹಬ್ಬಿ ಊರೆಲ್ಲ ಸಿಟ್ಟಾಗಿತ್ತು. ಹೊಸಪೇಟೆಯ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ, ಕೆಡವಿದ್ದನ್ನು ನೀವೇ ನಿಲ್ಲಿಸಿ ಎಂದಿತು. ಪುರಾತತ್ವ ಇಲಾಖೆಯವರು ಎದುರಿಗೆ ನಿಂತು ಹೇಳಿಕೊಟ್ಟರು, ಹುಡುಗರು ಬೆವರು ಸುರಿಸಿ ಎತ್ತಿದರು.

ಆ ಸುದ್ದಿ ಓದಿದವರಿಗೆಲ್ಲ ಒಂದು ಬಗೆಯ ಸಮಾಧಾನವಾಗಿತ್ತು. ತಪ್ಪು ಮಾಡಿದವರ ಮುಖ ಕಂಡಿತ್ತು, ಶಿಕ್ಷೆಯೂ ತಪ್ಪಿಗೆ ತಕ್ಕಂತಿತ್ತು. ಹಂಪಿಯಲ್ಲಿ ಬೀಳುವುದಕ್ಕೆಲ್ಲ ಹೀಗೆ ವಿಡಿಯೊ ಸಿಕ್ಕಿದ್ದರೆ ಕೆಲಸ ಎಷ್ಟೋ ಸುಲಭವಾಗುತ್ತಿತ್ತು. 2024ರ ಮೇ ತಿಂಗಳಲ್ಲಿ ಜೋರು ಮಳೆ ಹೊಡೆದಾಗ ವಿರೂಪಾಕ್ಷ ಗುಡಿಯ ಮುಂದಿನ ರಥಬೀದಿಯಲ್ಲಿ ಸಾಲುಮಂಟಪದ ಒಂದು ಭಾಗ ಕುಸಿದು ಕಲ್ಲಿನ ರಾಶಿಯಾಯಿತು. ಯಾರೂ ತಳ್ಳಿರಲಿಲ್ಲ. ಕೇಸು ಹಾಕುವುದಾದರೆ ಮಳೆಯ ಮೇಲೇ ಹಾಕಬೇಕಿತ್ತು.

ಈ ಮಂಟಪಗಳು ನಿಂತಿರುವ ಬಗೆ ಗೊತ್ತಾದರೆ ಬೀಳುವ ಬಗೆಯೂ ಗೊತ್ತಾಗುತ್ತದೆ. ಕೆಳಗೆ ಹಾಸುಗಲ್ಲು, ಅದರ ಮೇಲೆ ಕಂಬ, ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗಳ ಮೇಲೆ ಚಪ್ಪಡಿ. ಕಲ್ಲಿಗೂ ಕಲ್ಲಿಗೂ ನಡುವೆ ಅಂಟು ಇಲ್ಲ. ಮೇಲಿನ ಭಾರವೇ ಕೆಳಗಿನದನ್ನು ಹಿಡಿದಿಟ್ಟುಕೊಂಡಿರುತ್ತದೆ. ಚಪ್ಪಡಿಯ ಮೇಲೆ ಇಟ್ಟಿಗೆಚೂರು, ಸುಣ್ಣ ಸೇರಿಸಿ ಹಾಕಿದ ಗಾರೆಯ ಪದರ ಇರುತ್ತದೆ. ನೋಡುವವರ ಕಣ್ಣಿಗೆ ಬೀಳುವುದು ಕಂಬದ ಮೇಲಿನ ಕೆತ್ತನೆ. ಕಟ್ಟಡವನ್ನು ಉಳಿಸುವುದು ಮಾತ್ರ ಯಾರೂ ಹತ್ತಿ ನೋಡದ ಆ ಗಾರೆ. ಅದು ಬಿರುಕು ಬಿಟ್ಟರೆ ಮಳೆನೀರು ಚಪ್ಪಡಿಗಳ ಸಂದಿಗೆ ಇಳಿಯುತ್ತದೆ, ಹಕ್ಕಿ ಹಾಕಿದ ಆಲದ ಬೀಜ ಅಲ್ಲೇ ಮೊಳೆಯುತ್ತದೆ, ಬೇರು ಕಲ್ಲನ್ನು ಪಕ್ಕಕ್ಕೆ ಸರಿಸುತ್ತದೆ. ನೀರು ಪಾಯದವರೆಗೆ ಇಳಿದು ಮಣ್ಣನ್ನು ಸಡಿಲಿಸಿದರೆ ಒಂದು ಕಂಬ ಬೆರಳಗಲ ವಾಲುತ್ತದೆ. ಒಂದು ವಾಲಿದರೆ ಅದರ ಪಾಲಿನ ಭಾರ ಪಕ್ಕದ ಕಂಬದ ಮೇಲೆ ಬೀಳುತ್ತದೆ. ಹಂಪಿಯ ಕಲ್ಲಿಗೆ ಇನ್ನೂ ಒಂದು ಕಾಯಿಲೆ ಇದೆ. 1565ರ ಯುದ್ಧದ ನಂತರ ಇಲ್ಲಿ ಹಚ್ಚಿದ ಬೆಂಕಿಯಲ್ಲಿ ಸಿಕ್ಕ ಕಣಶಿಲೆ ಒಳಗೇ ಸೀಳಿದೆ. ಹೊರಗಿಂದ ಗಟ್ಟಿಯಾಗಿ ಕಂಡರೂ ಚಕ್ಕೆ ಚಕ್ಕೆಯಾಗಿ ಏಳುತ್ತದೆ.

ಹಾಗಾಗಿ ಸಂರಕ್ಷಣೆ ಎಂದು ಕರೆಯುವ ಕೆಲಸದ ದೊಡ್ಡ ಪಾಲು ಫೋಟೊಕ್ಕೆ ಬರುವಂಥದ್ದಲ್ಲ. ಗಿಡ ಕೀಳುವುದು, ಹಳೆಯ ಗಾರೆ ಕೆರೆದು ಹೊಸದು ಹಾಕುವುದು, ನೀರು ಹೋಗಲು ದಾರಿ ಮಾಡುವುದು. ಸುಣ್ಣವನ್ನು ದಿನಗಟ್ಟಲೆ ನೆನೆಸಿ, ಮರಳು ಸೇರಿಸಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸಿ ಹದ ಮಾಡುವ ಹಳೆಯ ವಿದ್ಯೆ ಗೊತ್ತಿರುವ ಕೈಗಳು ಬೇಕು. ಸಿಮೆಂಟು ಬೇಗ ಗಟ್ಟಿಯಾಗುತ್ತದೆ, ಅಷ್ಟೇ ಬೇಗ ಒಳಗಿನ ತೇವವನ್ನು ಹೊರಬಿಡದೆ ಕಟ್ಟಿಹಾಕುತ್ತದೆ. ಹಿಂದಿನ ತಲೆಮಾರಿನವರು ಅವಸರದಲ್ಲಿ ಮೆತ್ತಿದ ಸಿಮೆಂಟನ್ನು ತೆಗೆಯುವುದೇ ಇಂದಿನವರಿಗೆ ಒಂದು ಕೆಲಸವಾಗಿದೆ.

ಹಂಪಿಯನ್ನು ಉಳಿಸುವ ಮಾತು ನಮ್ಮ ಕಾಲದಲ್ಲಿ ಹುಟ್ಟಿದ್ದಲ್ಲ. ಕಾಲಿನ್ ಮೆಕೆಂಜಿ ಇಲ್ಲಿಗೆ ಬಂದು ನಕ್ಷೆ ಬರೆಸಿದ್ದು 1799ರಲ್ಲಿ, ಟಿಪ್ಪು ಬಿದ್ದ ವರ್ಷ. ವಿರೂಪಾಕ್ಷ ಗುಡಿಯ ಬಿಷ್ಟಪ್ಪಯ್ಯನ ಗೋಪುರವನ್ನು 1837ರಲ್ಲಿ ದುರಸ್ತಿ ಮಾಡಿಸಿದವನು ಬಳ್ಳಾರಿಯ ಕಲೆಕ್ಟರ್ ಎಫ್. ಡಬ್ಲ್ಯು. ರಾಬರ್ಟ್‌ಸನ್. 1900ರಲ್ಲಿ ರಾಬರ್ಟ್ ಸಿವೆಲ್ ವಿಜಯನಗರದ ಚರಿತ್ರೆ ಬರೆದು ಅದನ್ನು ಮರೆತುಹೋದ ಸಾಮ್ರಾಜ್ಯ ಎಂದ. ಆ ವರ್ಷವೂ ಅದರ ಹಿಂದಿನ ವರ್ಷವೂ ಚೈತ್ರದಲ್ಲಿ ಪಂಪಾ ವಿರೂಪಾಕ್ಷರ ತೇರು ಎಳೆದ ಸುತ್ತಲಿನ ಹಳ್ಳಿಯವರನ್ನು ಆತ ಕೇಳಿದಂತಿಲ್ಲ. 1917ರಲ್ಲಿ ಪುರಾತತ್ವ ಅಧಿಕಾರಿ ಎ. ಎಚ್. ಲಾಂಗ್‌ಹರ್ಸ್ಟ್ ಬರೆದ ಹಂಪಿಯ ಕೈಪಿಡಿ ಬಂತು. ಪ್ರವಾಸಿ ಮಾರ್ಗದರ್ಶಕರು ಇಂದಿಗೂ ಹೇಳುವ ಎಷ್ಟೋ ವಿವರಗಳ ಮೂಲ ಅದು.

ಇವರೆಲ್ಲರಿಗಿಂತ ನನಗೆ ಹೆಚ್ಚು ಉಪಯೋಗಕ್ಕೆ ಬಂದವನು ಅಲೆಕ್ಸಾಂಡರ್ ಗ್ರೀನ್‌ಲಾ. ಮದ್ರಾಸ್ ಸೈನ್ಯದ ಈ ಅಧಿಕಾರಿ 1856ರಲ್ಲಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದ. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ಕ್ಯಾಮೆರಾ ಇಟ್ಟು ಮತ್ತೆ ತೆಗೆದ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ 127 ವರ್ಷದ ಲೆಕ್ಕ ಸಿಗುತ್ತದೆ. ವಿಠ್ಠಲ ಗುಡಿಯ ಕಲ್ಲಿನ ತೇರನ್ನೇ ತೆಗೆದುಕೊಳ್ಳಿ. ಇಂದು 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಕಾಣುವ ತೇರಿಗೆ ತಲೆ ಚಪ್ಪಟೆ. ಗ್ರೀನ್‌ಲಾ ತೆಗೆದ ಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆ ಗಾರೆಯ ಶಿಖರ ಇದೆ, ಅಲ್ಲಲ್ಲಿ ಉದುರಿದ್ದರೂ ಎದ್ದು ಕಾಣುವಂತೆ ನಿಂತಿದೆ. ಅಂದರೆ ನಾವು ಹಂಪಿಯ ಗುರುತೆಂದು ನೋಟಿನ ಮೇಲೆ ಅಚ್ಚು ಹಾಕಿಸಿಕೊಂಡಿರುವುದು ಅರ್ಧ ತೇರು. ಕಟ್ಟಿದವರು ಅದನ್ನು ಹಾಗೆ ನೋಡಿರಲೇ ಇಲ್ಲ. ಈಗ ಶಿಖರವನ್ನು ಮತ್ತೆ ಕಟ್ಟಬೇಕೇ ಎಂದರೆ ಬೇಡ ಎನ್ನುತ್ತೇನೆ. ಆದರೆ ಯಾವ ಹಂಪಿಯನ್ನು ಉಳಿಸುತ್ತಿದ್ದೇವೆ, 1565ರ ಹಿಂದಿನದನ್ನೋ 1856ರದ್ದನ್ನೋ ಯುನೆಸ್ಕೋ ಬಂದ ದಿನದ್ದನ್ನೋ ಎಂದು ಕೇಳಿಕೊಳ್ಳಲು ಆ ಒಂದು ಫೋಟೊ ಸಾಕು. ಉಗ್ರನರಸಿಂಹನ ವಿಷಯದಲ್ಲಿ ಈ ಪ್ರಶ್ನೆ ಜಗಳಕ್ಕೇ ತಿರುಗಿತ್ತು. 1528ರ ಆ 6.7 ಮೀಟರ್ ಎತ್ತರದ ಮೂರ್ತಿಯ ದುರಸ್ತಿ 1980ರ ದಶಕದಲ್ಲಿ ನಡೆದಾಗ ಮಂಡಿಗಳನ್ನು ಬಿಗಿದ ಯೋಗಪಟ್ಟಿಯನ್ನು ಹೊಸ ಕಲ್ಲಿನಲ್ಲಿ ಮಾಡಿ ಕೂರಿಸಿದರು. ಪೂರ್ತಿ ಮೂರ್ತಿಯನ್ನೇ ಹೊಸದಾಗಿಸುವ ಮಾತಿಗೆ ವಿರೋಧ ಎದ್ದು, ಕೆಲಸ ಅಲ್ಲಿಗೇ ನಿಂತಿತು. ನಿಂತದ್ದೇ ಒಳ್ಳೆಯದಾಯಿತು.

ದೊಡ್ಡ ಪ್ರಮಾಣದಲ್ಲಿ ಅಗೆತ ಶುರುವಾದದ್ದು 1976ರಲ್ಲಿ, ರಾಷ್ಟ್ರೀಯ ಯೋಜನೆಯಾಗಿ. ಕೇಂದ್ರದ ಪುರಾತತ್ವ ಸರ್ವೇಕ್ಷಣೆಯೂ ರಾಜ್ಯದ ಇಲಾಖೆಯೂ ಜಾಗ ಹಂಚಿಕೊಂಡವು. ರಾಜ್ಯದ ಕಡೆಯಿಂದ ಮುಂದಾಳಾಗಿದ್ದವರು ಎಂ. ಎಸ್. ನಾಗರಾಜರಾವ್. 1980ರಿಂದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಶೆಲ್ ವರ್ಷ ವರ್ಷವೂ ಚಳಿಗಾಲಕ್ಕೆ ಬಂದು ಠಿಕಾಣಿ ಹೂಡಿ ನೆಲದ ಮೇಲೆ ಉಳಿದ ಒಂದೊಂದು ಗೋಡೆ, ಒಂದೊಂದು ಮೆಟ್ಟಿಲನ್ನೂ ಅಳೆದು ನಕ್ಷೆ ಮಾಡಿದರು. ಈ ಅಗೆತದಲ್ಲೇ ಮಹಾನವಮಿ ದಿಬ್ಬದ ಪಕ್ಕ ಮಣ್ಣಿನಡಿಯಿಂದ ಮೆಟ್ಟಿಲು ಪುಷ್ಕರಣಿ ಎದ್ದುಬಂತು. ಕರಿಯ ಕಲ್ಲಿನ ಆ ಮೆಟ್ಟಿಲುಗಳ ಹತ್ತಿರ ಬಗ್ಗಿ ನೋಡಿದರೆ ಕಲ್ಲುಗಳ ಮೇಲೆ ಸಣ್ಣಗೆ ಕೊರೆದ ಗುರುತುಗಳು ಕಾಣುತ್ತವೆ: ಯಾವ ದಿಕ್ಕು, ಎಷ್ಟನೇ ಸಾಲು, ಆ ಸಾಲಿನಲ್ಲಿ ಎಷ್ಟನೇ ಕಲ್ಲು. ಬೇರೆಲ್ಲೋ ಕೆತ್ತಿ ಇಲ್ಲಿ ತಂದು ಜೋಡಿಸಿದವರ ಲೆಕ್ಕ ಅದು. ಬಿಚ್ಚಿ ಮತ್ತೆ ಜೋಡಿಸುವ ಕೆಲಸ ಬಂದರೆ ಇಂದಿನ ಎಂಜಿನಿಯರು ಹೊಸದಾಗಿ ನಂಬರು ಹಾಕಬೇಕಾಗಿಯೇ ಇಲ್ಲ.

1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅದೇ ವರ್ಷ ಸೇರಿದ ಇನ್ನೊಂದು ಹಾಳು ಪಟ್ಟಣವನ್ನು ಇಲ್ಲಿ ನೆನೆಯಬೇಕು. ಆಫ್ರಿಕಾದ ದಕ್ಷಿಣದಲ್ಲಿ, ಮಾಸ್ವಿಂಗೊ ಊರಿನ ಹತ್ತಿರವಿರುವ ಗ್ರೇಟ್ ಜಿಂಬಾಬ್ವೆ. 11ರಿಂದ 15ನೇ ಶತಮಾನದವರೆಗೆ ಬಾಳಿದ ಆ ಪಟ್ಟಣದಲ್ಲೂ ಬಂಡೆಗುಡ್ಡ, ಕಣಶಿಲೆ, ಅಂಟಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಏರಿಸಿದ ಗೋಡೆಗಳು. ಅಲ್ಲಿ ಅಗೆದಾಗ ನಮ್ಮ ದೇಶದಿಂದ ಕಡಲು ದಾಟಿ ಹೋದ ಗಾಜಿನ ಮಣಿಗಳು ಸಿಕ್ಕಿವೆ. ಕಪ್ಪುಜನ ಇಂಥದ್ದನ್ನು ಕಟ್ಟಿರಲಾರರು ಎಂದು ನಂಬಿದ್ದ ಬಿಳಿಯರು ಶೀಬಾ ರಾಣಿಯ ಕತೆ ಹೆಣೆದರು. 1902ರಲ್ಲಿ ಉಸ್ತುವಾರಿಗೆ ಬಂದ ರಿಚರ್ಡ್ ಹಾಲ್ ಎಂಬಾತ ಸ್ಥಳೀಯರ ಕಾಲದ ಪದರಗಳನ್ನು ಕಸವೆಂದು ಅಗೆದು ಎಸೆದ. ಜಾಗವನ್ನು ಚೊಕ್ಕ ಮಾಡುತ್ತೇನೆಂದು ಅದರ ಚರಿತ್ರೆಯನ್ನೇ ಗುಡಿಸಿಹಾಕಿದ. 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಮ್ಸನ್ ಅಗೆದು ನೋಡಿ, ಕಟ್ಟಿದವರು ಆಫ್ರಿಕದವರೇ ಎಂದು ಸಾಧಿಸಿದರು. ಅಷ್ಟಾದರೂ ಸುತ್ತಮುತ್ತಲಿನ ಕುಲದವರು ತಲೆತಲಾಂತರದಿಂದ ಪೂಜೆಗೆ ಬರುತ್ತಿದ್ದ ಜಾಗಕ್ಕೆ ಬೇಲಿ ಬಿತ್ತು; ಸಂರಕ್ಷಿತ ಸ್ಮಾರಕದೊಳಗೆ ಅವರು ಹೊರಗಿನವರಾದರು.

ನಮ್ಮಲ್ಲಿ ಹಾಗಾಗಲಿಲ್ಲ, ವಿರೂಪಾಕ್ಷನಿಗೆ ಇಂದಿಗೂ ಮೂರು ಹೊತ್ತು ಪೂಜೆ ಇದೆ ಎನ್ನಬಹುದು. ನಿಜ. ಫಲಪೂಜೆಯ ಹೊತ್ತಿಗೆ, ತೇರಿನ ಹೊತ್ತಿಗೆ ರಥಬೀದಿ ತುಂಬುತ್ತದೆ. ಆದರೆ ದೇವರನ್ನು ಉಳಿಸಿಕೊಂಡ ನಾವು ಊರನ್ನು ಏನು ಮಾಡಿದೆವು ಎಂಬುದು ಬೇರೆಯೇ ಕತೆ.

ಪಟ್ಟಿಗೆ ಸೇರುವುದೆಂದರೆ ನಕ್ಷೆಯ ಮೇಲೆ ಒಂದು ಗೆರೆ ಎಳೆಯುವುದು. ಗೆರೆಯೊಳಗಿನ ತಿರುಳು ಪ್ರದೇಶ ಸುಮಾರು 41.8 ಚದರ ಕಿಲೋಮೀಟರ್, ಅದರಲ್ಲಿ ಯುನೆಸ್ಕೋ ಲೆಕ್ಕದಂತೆ 1,600ಕ್ಕೂ ಹೆಚ್ಚು ಅವಶೇಷಗಳು. ಗೆರೆ ಎಳೆದ ಕೆಲವೇ ವರ್ಷಕ್ಕೆ ತಳವಾರಘಟ್ಟದಿಂದ ಹೊಳೆಯಾಚೆಯ ಆನೆಗೊಂದಿಗೆ ತೂಗುಸೇತುವೆ ಕಟ್ಟುವ ಕೆಲಸ ಶುರುವಾಯಿತು. ವಿರುಪಾಪುರ ಗಡ್ಡೆಯ ಕಡೆ ಇನ್ನೊಂದು ಕಾಲುಸೇತುವೆ. ಈ ಸೇತುವೆಗಳ ಕಾರಣಕ್ಕೆ 1999ರಲ್ಲಿ ಯುನೆಸ್ಕೋ ಹಂಪಿಯನ್ನು ಅಪಾಯದ ಪಟ್ಟಿಗೆ ಹಾಕಿತು. ಬೆಂಗಳೂರಿನ ಪತ್ರಿಕೆಗಳಿಗೆ ಅದು ಮಾನದ ಪ್ರಶ್ನೆ. ಆನೆಗೊಂದಿಯವರಿಗೆ ಮಾತ್ರ ಹೊಳೆ ದಾಟುವ ಪ್ರಶ್ನೆ. ಹರಿಗೋಲಿನಲ್ಲಿ ಕೂತರೆ ಹತ್ತು ನಿಮಿಷದ ದಾರಿ. ಹೊಳೆ ತುಂಬಿದರೆ ಕಂಪ್ಲಿ ಕಡೆಯಿಂದಲೋ ಹೊಸಪೇಟೆ ಕಡೆಯಿಂದಲೋ ಬಳಸಿಕೊಂಡು ಹೋಗಬೇಕಿತ್ತು. ಹೆರಿಗೆ ನೋವಿಗೂ ಹಾವು ಕಡಿತಕ್ಕೂ ವಿಶ್ವ ಪರಂಪರೆಯ ಸಮಾಧಾನ ಹೇಳಲಾಗುವುದಿಲ್ಲ. ಕೊನೆಗೆ 2009ರ ಜನವರಿಯಲ್ಲಿ ಕಟ್ಟುತ್ತಿದ್ದ ಸೇತುವೆಯೇ ಕುಸಿದು ಕೂಲಿಕಾರರು ಪ್ರಾಣ ಕಳೆದುಕೊಂಡರು. ಆಮೇಲೆ ಹೊಳೆಯ ಕೆಳಗಡೆ ಬುಕ್ಕಸಾಗರ ಮತ್ತು ಕಡೇಬಾಗಿಲಿನ ನಡುವೆ ಸೇತುವೆ ಬಂತು. ಮೊದಲೇ ಅಲ್ಲಿ ಕಟ್ಟಬಹುದಿತ್ತಲ್ಲ ಎಂದು ಕೇಳುವವರಿಗೆ ಇಂದಿಗೂ ನೆಟ್ಟಗಿನ ಉತ್ತರ ಇಲ್ಲ.

ಅಪಾಯದ ಪಟ್ಟಿಯಿಂದ ಒಂದು ಒಳ್ಳೆಯದೂ ಆಯಿತು. ರಾಜ್ಯ ಸರಕಾರ 2002ರಲ್ಲಿ ಕಾಯ್ದೆ ಮಾಡಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನು ಹುಟ್ಟುಹಾಕಿತು. 29 ಹಳ್ಳಿಗಳು, 236 ಚದರ ಕಿಲೋಮೀಟರ್. ದೆಹಲಿಯ ನಳಿನಿ ಠಾಕೂರ್ ಅವರ ತಂಡ ಸಿದ್ಧಪಡಿಸಿದ ಸಮಗ್ರ ಯೋಜನೆ ಸ್ಮಾರಕಗಳ ಜೊತೆಗೆ ಹೊಲ, ಕಾಲುವೆ, ಬಂಡೆಗುಡ್ಡ, ಜನವಸತಿಯನ್ನೂ ಪರಂಪರೆಯ ಲೆಕ್ಕಕ್ಕೆ ತಂದಿತು. 2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂತು.

ಯೋಜನೆಯಲ್ಲಿ ಬರೆದದ್ದು ಹಾಗೆ, ನೆಲದ ಮೇಲೆ ನಡೆದದ್ದು ಹೀಗೆ: 2011ರ ಜುಲೈ ಕೊನೆಯಲ್ಲಿ ಹಂಪಿ ಬಜಾರಿಗೆ ಜೆಸಿಬಿಗಳು ಬಂದವು. ಸಾಲುಮಂಟಪಗಳ ಕಂಬಗಳ ನಡುವೆ ಗೋಡೆ ಎಬ್ಬಿಸಿ ಮನೆ, ಅಂಗಡಿ, ಖಾನಾವಳಿ ಮಾಡಿಕೊಂಡಿದ್ದ ಮುನ್ನೂರಕ್ಕೂ ಹೆಚ್ಚು ಕುಟುಂಬಗಳನ್ನು ತೆರವುಗೊಳಿಸಿದರು. ಬದಲಿಗೆ ನಿವೇಶನ ತೋರಿಸಿದ್ದು ಕದ್ದಿರಾಂಪುರದಲ್ಲಿ. ಸ್ಮಾರಕಕ್ಕೆ ಮೊಳೆ ಹೊಡೆದು, ಕಂಬಕ್ಕೆ ಬಣ್ಣ ಬಳಿದು, ಕಾಂಕ್ರೀಟು ಸುರಿದವರ ಪರವಾಗಿ ವಾದಿಸುವುದು ಕಷ್ಟ, ಒಪ್ಪುತ್ತೇನೆ. ಆದರೆ ಅದು ಬಜಾರು. ಸುಮಾರು 1520ರಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಈ ಬೀದಿಯ ಚೆಂದದ ಮನೆಗಳನ್ನೂ ಯಾತ್ರಿಕರು ತಂಗುವ ಪಡಸಾಲೆಗಳನ್ನೂ ಕಂಡು ಬರೆದಿದ್ದಾನೆ. ಜನ ಮಲಗುವುದಕ್ಕೆ, ಉಣ್ಣುವುದಕ್ಕೆ, ಕೊಂಡು ಮಾರುವುದಕ್ಕೆಂದೇ ಕಟ್ಟಿದ ಬೀದಿಯಲ್ಲಿ ಈಗ ಸಂಜೆಯ ನಂತರ ನಾಯಿಗಳಷ್ಟೇ ಓಡಾಡುವುದು. ಮನೆಯವರೆಲ್ಲ ಹೋದಮೇಲೆ ಚಾವಣಿ ಸೋರುತ್ತಿದೆ ಎಂದು ಯಾರು ಕೂಗಿ ಹೇಳಬೇಕು? 2024ರಲ್ಲಿ ಕುಸಿದದ್ದು ಇದೇ ಬೀದಿಯ ಸಾಲುಮಂಟಪ. ಜನ ಇದ್ದಿದ್ದರೆ ಬೀಳುತ್ತಿರಲಿಲ್ಲ ಎಂದು ನಾನು ಹೇಳಲಾರೆ. ಕಾವಲಿನ ಕಣ್ಣುಗಳಂತೂ ಕಡಿಮೆಯಾದವು. ಹೊಳೆಯಾಚೆ ವಿರುಪಾಪುರ ಗಡ್ಡೆಯ ರೆಸಾರ್ಟುಗಳ ಸರದಿ 2020ರಲ್ಲಿ ಬಂತು; ಸುಪ್ರೀಂ ಕೋರ್ಟು ಫೆಬ್ರುವರಿಯಲ್ಲಿ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು, ಮಾರ್ಚಿನಲ್ಲಿ ಕಟ್ಟಡಗಳು ನೆಲಕ್ಕೆ ಬಿದ್ದವು. ಅದರ ಬಗ್ಗೆ ನನಗೆ ಅಷ್ಟು ಮರುಕವಿಲ್ಲ.

ಹಂಪಿಯಲ್ಲಿ ಚೆನ್ನಾಗಿ ಉಳಿದಿರುವ ವಿಜಯನಗರದ ಕಟ್ಟಡ ಯಾವುದು ಎಂದು ಕೇಳಿದರೆ ಕಮಲ ಮಹಲು, ವಿಠ್ಠಲ ಗುಡಿ ಎನ್ನುವವರೇ ಹೆಚ್ಚು. ನನ್ನ ಉತ್ತರ ತುರ್ತು ಕಾಲುವೆ. ತುಂಗಭದ್ರೆಗೆ ಅಣೆಕಟ್ಟೆ ಹಾಕಿ ತಿರುಗಿಸಿದ ಈ ನೀರು ಹಂಪಿಯ ಕಣಿವೆಯ ನಡುವೆ ಇಂದಿಗೂ ಹರಿಯುತ್ತಿದೆ. ಬಾಳೆ, ಕಬ್ಬು, ಭತ್ತದ ಗದ್ದೆಗಳಿಗೆ ಹಾಯುತ್ತಿದೆ. ನೋಡಲು ಟಿಕೆಟ್ಟಿಲ್ಲ, ಗೈಡುಗಳು ತೋರಿಸುವುದೂ ಇಲ್ಲ. ಇದರ ಜೊತೆಗಾರ ರಾಯ ಕಾಲುವೆ, ಬಸವಣ್ಣ ಕಾಲುವೆಗಳು ಹೊಸಪೇಟೆಯ ಸುತ್ತಲಿನ ಹೊಲಗಳಿಗೆ ನೀರುಣಿಸುತ್ತ ಬಂದಿವೆ. ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತದ್ದು 1953ರಲ್ಲಿ. ಬಸವಣ್ಣ ಕಾಲುವೆಗೆ ನೀರು ಕೊಡುತ್ತಿದ್ದ ವಲ್ಲಭಾಪುರದ ಹಳೆಯ ಅಣೆ ಆ ಹಿನ್ನೀರಿನಲ್ಲಿ ಮುಳುಗಿತು, ಕಾಲುವೆ ಮಾತ್ರ ಜಲಾಶಯದಿಂದಲೇ ನೀರು ಪಡೆದು ಬದುಕಿಕೊಂಡಿತು. ಐನೂರು ವರ್ಷ ಇವು ಉಳಿದದ್ದಕ್ಕೆ ಕಾರಣ ಸರಳ. ನೀರು ಬೇಕಾದವರು ಪ್ರತಿ ವರ್ಷ ಹೂಳು ಎತ್ತಿದರು, ಒಡ್ಡು ಒಡೆದರೆ ಕಟ್ಟಿದರು.

ಮಾಲಿ ದೇಶದ ಟಿಂಬಕ್ಟುವಿನಲ್ಲೂ ಇದೇ ಮಾತು. ಅಲ್ಲಿನ ಮಣ್ಣಿನ ಮಸೀದಿಗಳು ಶತಮಾನಗಳಿಂದ ನಿಂತಿರುವುದು ಊರಿನವರು ಸೇರಿ ಗೋಡೆಗಳಿಗೆ ಮತ್ತೆ ಮತ್ತೆ ಮಣ್ಣು ಮೆತ್ತುವುದರಿಂದ. 2012ರಲ್ಲಿ ಬಂಡುಕೋರರು ಅಲ್ಲಿನ ಸಂತರ ಗೋರಿಗಳನ್ನು ಒಡೆದುಹಾಕಿದಾಗ ಯುನೆಸ್ಕೋ ನೆರವಿನಲ್ಲಿ ಮತ್ತೆ ಕಟ್ಟಿದವರೂ ಆ ಊರಿನ ಗಾರೆ ಕೆಲಸದವರೇ. ಜಗತ್ತಿನ ದುಡ್ಡು ಬೇಕು, ಆದರೆ ಕೈ ಊರಿನದೇ ಆಗಬೇಕು.

ಕಾಲುವೆಯನ್ನು ಹೊಗಳಿ ಬಿಟ್ಟರೆ ಅರ್ಧ ಸತ್ಯವಾದೀತು. ಬದುಕಿರುವ ಈ ನೀರೇ ಸತ್ತ ಕಟ್ಟಡಗಳಿಗೆ ಕಂಟಕವೂ ಹೌದು. ಬಡವಿಲಿಂಗದ ಪೀಠ ಸದಾ ಕಾಲುವೆ ನೀರಿನಲ್ಲೇ ಇದೆ. ಅದು ನೋಡಲು ಚೆಂದ, ಶಿವನಿಗೂ ಇಷ್ಟವಿದ್ದೀತು. ನೆಲಮಟ್ಟಕ್ಕಿಂತ ಕೆಳಗಿರುವ ಪ್ರಸನ್ನ ವಿರೂಪಾಕ್ಷ ಗುಡಿಯಲ್ಲಿ ಮಾತ್ರ ಗರ್ಭಗುಡಿಯ ತನಕ ನೀರು ನಿಂತು ಬಾವಲಿಗಳ ವಾಸನೆಯೊಂದಿಗೆ ಪಾಚಿಗಟ್ಟುತ್ತದೆ. ಗದ್ದೆಗೆ ನೀರು ಹಾಯಿಸಿದಷ್ಟೂ ಸುತ್ತಲಿನ ಮಣ್ಣು ತೇವ ಹಿಡಿಯುತ್ತದೆ, ತೇವ ಮೇಲೇರಿ ಕಲ್ಲಿನ ಬುಡ ತಿನ್ನುತ್ತದೆ. ಹಾಗೆಂದು ಬೇಸಾಯ ನಿಲ್ಲಿಸಿ ಎನ್ನುವ ಅಧಿಕಾರಿಗೆ ಪರಂಪರೆಯ ಅರ್ಥ ತಿಳಿದಿಲ್ಲ. ಎಷ್ಟು ನೀರು ಹಾಯಿಸಿದರೂ ಏನಾಗದು ಎನ್ನುವ ರೈತನಿಗೆ ಗುಡಿಯ ಪಾಯ ಕಂಡಿಲ್ಲ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಈ ಕಾಲುವೆಗಳ ಆಧುನೀಕರಣ ಕೈಗೆತ್ತಿಕೊಂಡಾಗ ಹಳೆಯ ಕಲ್ಲುಕಟ್ಟಡದ ಮೇಲೆ ಕಾಂಕ್ರೀಟಿನ ಪದರ ಬರುವ ಮಾತೂ ಬಂತು. ನೀರು ಸೋರದಿದ್ದರೆ ಗುಡಿಗಳಿಗೆ ಒಳ್ಳೆಯದು, ಕಾಲುವೆಯೂ ಸ್ಮಾರಕವೆಂದರೆ ಕಾಂಕ್ರೀಟು ಅಪಚಾರ. ಎರಡೂ ನಿಜವಾಗಿರುವ ಕಡೆ ನಿಯಮದ ಪುಸ್ತಕ ಕೈಕೊಡುತ್ತದೆ.

ನೀರಿಗೆ ಗೆರೆ ಗೊತ್ತಿಲ್ಲ. ಜಲಾಶಯದ 33 ಗೇಟುಗಳಿಂದ ಹೆಚ್ಚಿನ ನೀರು ಬಿಟ್ಟ ದಿನ ಹಂಪಿಯಲ್ಲಿ ಪುರಂದರ ಮಂಟಪ ಮುಳುಗುತ್ತದೆ, ಆನೆಗೊಂದಿ ಬಳಿ ನವಬೃಂದಾವನದ ನಡುಗಡ್ಡೆಗೆ ದಾರಿ ಕಟ್ಟಾಗುತ್ತದೆ, ಇನ್ನೂ ಕೆಳಗೆ ಕಂಪ್ಲಿಯ ಸೇತುವೆಯ ಮೇಲೆ ನೀರು ಹರಿದು ಗಂಗಾವತಿ ರಸ್ತೆ ಬಂದ್ ಆಗುತ್ತದೆ, ಕೋಟೆಯ ಕಡೆಯ ಮನೆಗಳಿಗೆ ನುಗ್ಗುತ್ತದೆ. 2024ರ ಆಗಸ್ಟಿನಲ್ಲಿ 19ನೇ ಗೇಟಿನ ಚೈನು ತುಂಡಾಗಿ ನೀರು ಹೊರನುಗ್ಗಿದಾಗ ಈ ಊರುಗಳೆಲ್ಲ ಒಟ್ಟಿಗೇ ಉಸಿರು ಬಿಗಿಹಿಡಿದವು.

ಕಂಪ್ಲಿಯ ಹೆಸರು ಬಂದಾಗ ಹಂಪಿಯವರು ತುಸು ತಲೆಬಾಗಬೇಕು. ಹಕ್ಕ ಬುಕ್ಕರಿಗಿಂತ ಮುಂಚೆ ಇಲ್ಲಿ ಕಂಪಿಲರಾಯನಿದ್ದ. ಅವನ ಮಗ ಕುಮಾರರಾಮ ಇಂದಿಗೂ ಜನಪದರ ಬಾಯಲ್ಲಿದ್ದಾನೆ. ಅದಕ್ಕೂ ಹಿಂದೆ, 11ನೇ ಶತಮಾನದಲ್ಲಿ, ಚೋಳ ರಾಜಾಧಿರಾಜನ ಸೈನ್ಯ ಕಂಪಿಲಿಯಲ್ಲಿದ್ದ ಚಾಲುಕ್ಯರ ಅರಮನೆಯನ್ನು ಹಾಳುಮಾಡಿದ್ದನ್ನು ಅವರ ಶಾಸನಗಳೇ ಹೇಳಿಕೊಳ್ಳುತ್ತವೆ. 1327ರ ಸುಮಾರಿಗೆ ತುಘಲಕ್ ಸೈನ್ಯದ ಎದುರು ಕಂಪಿಲಿ ಬಿತ್ತು. ಆ ಬಯಲಲ್ಲೇ ಒಂದು ದಶಕದೊಳಗೆ ವಿಜಯನಗರ ಎದ್ದಿತು. ಹೇಮಕೂಟದ ಮೇಲೆ ಮೂರು ಗರ್ಭಗುಡಿಗಳ ಒಂದು ಶಿವಾಲಯ ಇದೆ, ಮೆಟ್ಟಿಲು ಮೆಟ್ಟಿಲಾಗಿ ಏರುವ ಪಿರಮಿಡ್ಡಿನಂಥ ಶಿಖರಗಳದ್ದು. ಸೂರ್ಯಾಸ್ತ ನೋಡಲು ಹೋದವರು ಅದರ ನೆರಳಲ್ಲೇ ಕೂತಿರುತ್ತಾರೆ. ಮುಮ್ಮಡಿ ಸಿಂಗೆಯ ನಾಯಕನ ಮಗ ವೀರ ಕಂಪಿಲದೇವ ತನ್ನ ತಂದೆತಾಯಿಯರ ನೆನಪಿಗೆ ಲಿಂಗಗಳನ್ನು ಸ್ಥಾಪಿಸಿದ ಎಂದು ಅಲ್ಲಿನ ಶಾಸನ ಹೇಳುತ್ತದೆ. ಕಂಪಿಲನ ಗುಡಿ ಗೆರೆಯೊಳಗೆ ಬಂತು, ಅವನ ಊರು ಹೊರಗುಳಿಯಿತು. ಕಂಪ್ಲಿಯ ಹೊಳೆದಂಡೆಯಲ್ಲಿ ಕೋಟೆಯ ಒಳಗೇ ಮನೆ, ಗುಡಿ, ದನದ ಕೊಟ್ಟಿಗೆ. ಹಂಪಿಗೆ ಬಂದ ಬಸ್ಸುಗಳು ಅಲ್ಲಿಗೆ ಹೋಗುವುದಿಲ್ಲ.

ಸಂಡೂರಿನದು ಇನ್ನೂ ಕಠಿಣ ಕತೆ. ಕುಮಾರರಾಮನ ಕತೆಗಳಲ್ಲಿ ಬರುವ ಹೊಸಮಲೆದುರ್ಗವನ್ನು ಸಂಡೂರಿನ ರಾಮಗಡದ ಬೆಟ್ಟದಲ್ಲಿ ಗುರುತಿಸುತ್ತಾರೆ. ಸ್ವಾಮಿಮಲೆಯ ಕಾಡಿನಲ್ಲಿ ವಿಜಯನಗರಕ್ಕಿಂತ ನಾಲ್ಕೈದು ಶತಮಾನ ಹಳೆಯದಾದ ಕುಮಾರಸ್ವಾಮಿ ಮತ್ತು ಪಾರ್ವತಿ ಗುಡಿಗಳಿವೆ. ಅದೇ ಬೆಟ್ಟಸಾಲಿನ ಹೊಟ್ಟೆಯಲ್ಲಿ ದೇಶದ ಉತ್ತಮ ಕಬ್ಬಿಣದ ಅದಿರು. ಅಲ್ಲಿನ ಒಂದು ದೊಡ್ಡ ಗಣಿಗೆ ಹೆಸರೇ ಕುಮಾರಸ್ವಾಮಿ. 2000ದ ದಶಕದಲ್ಲಿ ಅದಿರಿನ ಲಾರಿಗಳು ಹಗಲು ರಾತ್ರಿ ಹೊಸಪೇಟೆಯ ಮೇಲೆ ಹಾದು ಹೋಗುತ್ತಿದ್ದಾಗ ರಸ್ತೆ, ಮರ, ಮನೆಯ ಗೋಡೆ ಎಲ್ಲ ಒಂದೇ ಕೆಂಪು. ಹೊಸಪೇಟೆ ಪಕ್ಕದ ಜಂಬುನಾಥ ಬೆಟ್ಟದ ಗುಡಿಯ ಸುತ್ತ ಗಣಿ ನಡೆದದ್ದೂ ವಿವಾದವಾಯಿತು. ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರ ಹೋರಾಟ, ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ, ಇವುಗಳ ಬೆನ್ನಿಗೆ 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಹಂಪಿ ಬಜಾರಿಗೆ ಜೆಸಿಬಿ ಬಂದದ್ದೂ ಅದೇ ತಿಂಗಳ ಕೊನೆ. ಸಾಲುಮಂಟಪದ ಒಂದು ಪಡಸಾಲೆ ಒತ್ತುವರಿ ಮಾಡಿದ ಇಡ್ಲಿ ಅಂಗಡಿಯವನಿಗೂ ಬೆಟ್ಟವನ್ನೇ ಕರಗಿಸಿದ ಗಣಿಧಣಿಗಳಿಗೂ ಕಾನೂನು ಒಂದೇ ಹೊತ್ತಿಗೆ ಎಚ್ಚೆತ್ತಿತು. ಬೆಟ್ಟಕ್ಕೆ ಎಚ್ಚೆತ್ತದ್ದು ಬಹಳ ತಡವಾಗಿ.

ಈಗ ಹಂಪಿ, ಕಂಪ್ಲಿ, ಸಂಡೂರು ಮೂರನ್ನೂ ಒಟ್ಟಿಗೆ ನೋಡುವ ಒಂದು ಕಚೇರಿ ಇಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಹೊಸಪೇಟೆ, ಹಂಪಿ ಅದಕ್ಕೆ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಆನೆಗೊಂದಿ ಕೊಪ್ಪಳದ ಕಡೆಯದು. ಕೇಂದ್ರದ ಪುರಾತತ್ವ ಇಲಾಖೆ 2020ರಲ್ಲಿ ಹಂಪಿಗೇ ಪ್ರತ್ಯೇಕ ವೃತ್ತ ಕೊಟ್ಟದ್ದು ಒಳ್ಳೆಯ ಹೆಜ್ಜೆ. ಅದರ ಜೊತೆಗೆ ರಾಜ್ಯದ ಪುರಾತತ್ವ ಇಲಾಖೆ, ಮುಜರಾಯಿ, ಪ್ರಾಧಿಕಾರ, ನೀರಾವರಿ, ಅರಣ್ಯ, ಗಣಿ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ತನಕ ಕಟ್ಟಡ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ ಎಂಬ 2010ರ ನಿಯಮ ಎಲ್ಲರಿಗೂ ಬಾಯಿಪಾಠ. ಕಮಲಾಪುರದವನು ಒಂದು ಬಚ್ಚಲು ಕಟ್ಟಿಸಲು ಅನುಮತಿಗೆ ಅಲೆಯುತ್ತಾನೆ. ಆ ಅಳತೆಯ ಟೇಪು ಹಿನ್ನೀರನ್ನಾಗಲಿ ಅದಿರಿನ ಧೂಳನ್ನಾಗಲಿ ಅಳೆಯುವುದಿಲ್ಲ.

ಹಾಗೆಂದು ಎಲ್ಲವೂ ದೂರೇ ಅಲ್ಲ. ಆನೆಗೊಂದಿಯಲ್ಲಿ ಶಮಾ ಪವಾರ್ 1997ರಲ್ಲಿ ಆರಂಭಿಸಿದ ಕಿಷ್ಕಿಂಧಾ ಟ್ರಸ್ಟ್, ಬಾಳೆನಾರಿನ ಕಸುಬನ್ನು ಹೆಣ್ಣುಮಕ್ಕಳ ಕೈಗೆ ಕೊಟ್ಟಿತು, ಹಳೆಯ ಮನೆಗಳನ್ನು ಕೆಡವದೆ ಬಳಸುವ ದಾರಿ ತೋರಿಸಿತು. ವಿಠ್ಠಲ ಗುಡಿಗೆ ಹೋಗುವ ಬ್ಯಾಟರಿ ಗಾಡಿಗಳನ್ನು ಓಡಿಸುವವರಲ್ಲಿ ಇಲ್ಲಿನ ಹೆಣ್ಣುಮಕ್ಕಳಿದ್ದಾರೆ. ಸಂಡೂರಿನ ಕುಶಲಕಲಾ ಕೇಂದ್ರದ ಲಂಬಾಣಿ ಕಸೂತಿ 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯಲ್ಲಿ ಗಿನ್ನೆಸ್ ದಾಖಲೆಗೆ ಹೋಯಿತು. ಸಭೆಗೆ ಬಂದ ದೇಶವಿದೇಶದ ಪ್ರತಿನಿಧಿಗಳು ಕಸೂತಿ ನೋಡಿದರು, ಗುಡಿ ನೋಡಿದರು.

ದುಡ್ಡಿಲ್ಲ ಎಂಬ ಮಾತು ಈ ಭಾಗದಲ್ಲಿ ಇನ್ನು ನಡೆಯದು. ಗಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಅದಿರು ಮಾರಿದ ಹಣದಲ್ಲಿ ಒಂದು ಪಾಲನ್ನು ಗಣಿಬಾಧಿತ ಜಿಲ್ಲೆಗಳ ಪುನಶ್ಚೇತನಕ್ಕೆಂದು ತೆಗೆದಿಡಲಾಗಿದೆ. ಅದರ ಯೋಜನೆಯ ಗಾತ್ರ 20 ಸಾವಿರ ಕೋಟಿ ರೂಪಾಯಿಯನ್ನೂ ಮೀರಿದ್ದು. ರಸ್ತೆ, ಆಸ್ಪತ್ರೆ, ಕುಡಿಯುವ ನೀರು ಮೊದಲು ಆಗಲಿ, ತಕರಾರಿಲ್ಲ. ಅದರ ಒಂದು ಮೂಲೆಯ ಹಣದಲ್ಲಿ ಕಂಪ್ಲಿ ಕೋಟೆಯ ಸರಿಯಾದ ಅಳತೆ ನಕ್ಷೆ, ಸ್ವಾಮಿಮಲೆಯ ಗುಡಿಗಳ ಪಾಯದ ತಪಾಸಣೆ, ಕಾಲುವೆ ಸೋರುವ ಕಡೆಗಳ ಪಟ್ಟಿ, ಸುಣ್ಣದ ಗಾರೆ ಅರೆಯಲು ಬರುವ ಹತ್ತಿಪ್ಪತ್ತು ಹುಡುಗರಿಗೆ ಕಮಲಾಪುರದಲ್ಲಿ ವರ್ಷವಿಡೀ ಕೂಲಿ, ಇಷ್ಟು ಆಗುತ್ತದೆ. ಮಳೆಗಾಲಕ್ಕೆ ಮುಂಚೆ ರಥಬೀದಿಯ ಸಾಲುಮಂಟಪಗಳ ಮೇಲೆ ಏಣಿ ಹಾಕಿ ಹತ್ತಿ, ಎಲ್ಲೆಲ್ಲಿ ಗಾರೆ ಬಿರುಕು ಬಿಟ್ಟಿದೆ ಎಂದು ಬರೆದುಕೊಳ್ಳುವುದಕ್ಕಂತೂ ಯಾವ ಕೋರ್ಟಿನ ಅಪ್ಪಣೆಯೂ ಬೇಕಾಗಿಲ್ಲ.